ಮೂಲೆಮಟ್ಟದ ತವರು

ಮಾರ್ಚ್ ಹನ್ನೆರಡು. ಸಾಗುವಾನಿ ಹಲಗೆ ಒಂದು. ಕೊರೆಯಬೇಕಾದ ಅಕ್ಷರ ಒಂಬತ್ತು: ‘ಸಾರ್ವಜನಿಕ ಗ್ರಂಥಾಲಯ’. ಫಲಕ ಒಯ್ಯುವವರು ಮಧ್ಯಾಹ್ನ ಬರುವವರಿದ್ದರು. ಅಂಥ ಇನ್ನೊಂದು ಹಲಗೆ ಅಂಗಡಿಯಲ್ಲಿರಲಿಲ್ಲ.

ಹಲಗೆಯನ್ನು ನಾಲ್ಕು ವರ್ಷ ನೆರಳಲ್ಲಿ ಒಣಗಿಸಿದವರು ಬಡಗಿ ಮಾವ. ಕೊರೆಯುವ ಯಂತ್ರವನ್ನು ಹಟ ಹಿಡಿದು ತರಿಸಿದವಳು ಸೊಸೆ. ಹಲಗೆ ಕೆಟ್ಟರೆ ಯಂತ್ರ ಬಂದ ದಾರಿಯಲ್ಲೇ ಹಿಂದಿರುಗಬೇಕು, ಕೆಡದಿದ್ದರೆ ಒಂದು ವಾರ ಅಂಗಡಿಯ ಹೊಟ್ಟು ಗುಡಿಸುವುದು ತಮ್ಮ ಪಾಲಿಗಿರಲಿ ಎಂದು ಮಾವ ಪಣ ಕಟ್ಟಿದ್ದರು.

ಯಂತ್ರವನ್ನು ಓಡಿಸುವ ಸ್ಟೆಪ್ಪರ್ ಮೋಟಾರು ಹೇಳಿದಷ್ಟೇ ಹೆಜ್ಜೆ ಇಡುತ್ತದೆ. ಆದರೆ ತಾನು ಎಲ್ಲಿ ನಿಂತಿದ್ದೇನೆಂಬುದು ಅದಕ್ಕೆ ತಿಳಿಯದು. ಆದ್ದರಿಂದ ಯಂತ್ರ ದಿನವೂ ಮೊದಲು ಎಡತುದಿಗೆ ಹೋಗಿ, ಅಲ್ಲಿನ ಕಬ್ಬಿಣದ ಬೋಲ್ಟು ಸೆನ್ಸರಿನ ಕಣ್ಣಿಗೆ ಬಿದ್ದ ಮೇಲೆ ಅಲ್ಲಿಂದ ಲೆಕ್ಕ ಹಿಡಿಯುತ್ತಿತ್ತು. ಆ ಜಾಗಕ್ಕೆ ಸೊಸೆ ‘ತವರು’ ಎಂದು ಹೆಸರಿಟ್ಟಿದ್ದಳು. ದಿನ ಬೆಳಗಾದರೆ ತವರಿಗೆ ಓಡುವಂಥದ್ದು ಬಾಳುವೆ ಮಾಡೀತೇ ಎಂದು ಮಾವ ಚುಚ್ಚುತ್ತಿದ್ದರು. ಬಲತುದಿಯಲ್ಲಿ ಇನ್ನೊಂದು ಸ್ವಿಚ್ಚಿತ್ತು. ಯಂತ್ರ ಮಿತಿ ಮೀರಿ ಬಂದರೆ ಕರೆಂಟು ಕಡಿಯುವುದು ಅದರ ಕೆಲಸ. ಹೊಟ್ಟು ಕೂತರೂ ಅದು ಕೆಲಸ ನಿಲ್ಲಿಸುತ್ತದೆ, ವಯರು ಕಿತ್ತುಬಿಡು ಎಂದು ಮಾವ ಎಷ್ಟೋ ಸಲ ಹೇಳಿದ್ದುಂಟು. ಸೊಸೆ ಜಗ್ಗಿರಲಿಲ್ಲ.

ಅಂದು ಯಂತ್ರ ಎಡಕ್ಕೆ ಹೋಗಿ ನಿಂತಿತು. ಬಳಿಕ ಅಂಚಿನ ಗೆರೆ ಆರಂಭಿಸಲು ಬಲಮೂಲೆಯತ್ತ ಸಾಗಿತು. ಮೂಲೆಯಲ್ಲಿ ನಿಲ್ಲದೆ ಇನ್ನೂ ಮುಂದಕ್ಕೆ ಹೋಯಿತು. ಟಕ್ ಎಂದಿತು ಸ್ವಿಚ್ಚು. ಎಲ್ಲವೂ ನಿಂತಿತು. ಹಲಗೆಯ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಸ್ವಿಚ್ಚು ಇಲ್ಲದಿದ್ದರೆ ಯಂತ್ರ ತುದಿಗೆ ಗುದ್ದಿ, ಲೆಕ್ಕ ತಪ್ಪಿ, ತಿರುಗಿ ಬಂದು ಹಲಗೆಯ ಹೊಟ್ಟೆಯ ಮೇಲೇ ಗೆರೆ ಎಳೆಯುತ್ತಿತ್ತು.

ಮಾವ ಎದ್ದು ಬಂದರು. “ಏನಮ್ಮಾ, ಯಂತ್ರ ವಾಪಸ್ ಒಯ್ಯೋಕೆ ಗಾಡಿಗೆ ಹೇಳಿ ಕಳಿಸ್ಲಾ?”

ಸೊಸೆ ಎಡಕ್ಕೆ ಬಗ್ಗಿ ನೋಡಿದಳು. ತವರಿಗೆ ಗೇಣು ದೂರದಲ್ಲಿ, ಯಂತ್ರದ ಚೌಕಟ್ಟಿಗೆ, ಮೂಲೆ ನೇರವಿದೆಯೇ ಎಂದು ಅಳೆಯುವ ಉಕ್ಕಿನ ಮೂಲೆಮಟ್ಟ ತೂಗುಬಿದ್ದಿತ್ತು. ಬಳಸಿದ ಉಪಕರಣ ಅದರ ಜಾಗಕ್ಕೇ ಹೋಗಬೇಕೆಂಬುದು ಮಾವನ ಕಟ್ಟಳೆ. ಯಂತ್ರ ಬರುವ ಮೊದಲು ಮೂಲೆಮಟ್ಟದ ಮೊಳೆ ಇದ್ದದ್ದು ಸರಿಯಾಗಿ ಅಲ್ಲೇ. ಮೊಳೆ ಹೋದರೂ ಮಾವನ ಕೈ ಹಳೆಯ ಜಾಗವನ್ನು ಬಿಟ್ಟಿರಲಿಲ್ಲ.

“ಮಾವ, ಇದಕ್ಕೆ ಕಬ್ಬಿಣ ಕಂಡ್ರೆ ಸಾಕು. ದಾರೀಲಿ ನಿಮ್ಮ ಮೂಲೆಮಟ್ಟ ಸಿಕ್ತು, ಅದನ್ನೇ ತವರು ಅಂದ್ಕೊಂಡು ನಿಂತ್ಬಿಟ್ಟಿದೆ. ಲೆಕ್ಕವೆಲ್ಲ ಗೇಣು ಬಲಕ್ಕೆ ಸರಿದಿದೆ.”

ಮಾವ ಮೂಲೆಮಟ್ಟವನ್ನು ಬಿಡಿಸಿಕೊಂಡರು. ಹಲಗೆಯ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಬಲತುದಿಗೆ ಹೋಗಿ ಸ್ವಿಚ್ಚಿನ ಮೇಲಿದ್ದ ಹೊಟ್ಟನ್ನು ಮೆಲ್ಲಗೆ ಊದಿದರು.

“ಮಾವನ ಮನೆ ಸಾಮಾನನ್ನೇ ತವರು ಅಂದ್ಕೊಂಡಿದೆ ಅಂದ್ಮೇಲೆ, ಬಾಳುವೆ ಮಾಡತ್ತೆ ಬಿಡು.”

ಮಧ್ಯಾಹ್ನ ಒಂಬತ್ತು ಅಕ್ಷರಗಳೂ ಗಾಡಿ ಹತ್ತಿದವು. ಮಾವ ಪೊರಕೆ ಹಿಡಿದು ಯಂತ್ರದ ಕೆಳಗಷ್ಟೇ ಗುಡಿಸಿದರು. ತಮ್ಮ ಗರಗಸದಿಂದ ಉದುರಿದ ಹೊಟ್ಟು ಪಣಕ್ಕೆ ಸೇರದು ಎಂದು ವಾದಿಸಿದರು. ಸೊಸೆ ಅರ್ಧ ದಿನ ಮಾತ್ರ ಜಮೆ ಹಿಡಿದಳು. ಬಾಕಿ ಆರೂವರೆ ದಿನ.