ಬಲಗೈಯ ಕುಲಾಯಿ

ದ್ರಾಕ್ಷಾಯಿಣಿ ಹಳೆಯ ಚಾದರದ ಹೊಲಿಗೆ ಬಿಚ್ಚುತ್ತಿದ್ದಳು. ಬ್ಲೇಡಿನ ಮೂಲೆಯಿಂದ ಒಂದೊಂದೇ ದಾರ ಕಡಿದು, ಕಡಿದ ದಾರವನ್ನು ಮಡಿಲಲ್ಲಿ ಕೂಡಿಸಿಕೊಳ್ಳುತ್ತಿದ್ದಳು. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಅವಳ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ಬಿಚ್ಚಿದ ಬಟ್ಟೆಯನ್ನು ಎರಡು ಪದರ ಮಾಡಿ, ನಡುವೆ ಹತ್ತಿ ತುಂಬಿ, ಮಷೀನಿನ ಮೇಲೆ ಸುತ್ತಲೂ ಹೊಲಿದಳು. ಬೆರಳುಗಳಿಗೆ ಬೇರೆ ಬೇರೆ ಗೂಡು ಮಾಡಲಿಲ್ಲ. ಮಣಿಕಟ್ಟಿನ ಹತ್ತಿರ ಎರಡು ಲಾಡಿ ಹಚ್ಚಿ, ಒಮ್ಮೆ ಜಗ್ಗಿ ನೋಡಿ, ನನ್ನನ್ನು ಪಕ್ಕಕ್ಕಿಟ್ಟಳು. ನಾನು ಹುಟ್ಟಿದ್ದು ಹೀಗೆ.

ನಾನು ಒಂದು ಕೈಗವಸು. ಚಳಿಗೆ ಹಾಕಿಕೊಳ್ಳುವ ಗವಸಲ್ಲ. ನನ್ನ ಕೆಲಸ ಒಳ್ಳೆಯ ಕೈಯನ್ನು ಸುಮ್ಮನೆ ಕೂರಿಸುವುದು. ಲಕ್ವಾ ಹೊಡೆದವರ ಒಂದು ಕೈ ಸೋತಿರುತ್ತದೆ, ಇನ್ನೊಂದು ನೆಟ್ಟಗಿರುತ್ತದೆ. ನೆಟ್ಟಗಿರುವ ಕೈ ಎಲ್ಲವನ್ನೂ ತಾನೇ ಮಾಡಿಬಿಡುತ್ತದೆ. ಸೋತ ಕೈಗೆ ಕೆಲಸವೇ ಸಿಗದೆ, ಇದ್ದಷ್ಟು ಶಕ್ತಿಯನ್ನೂ ಅದು ಮರೆಯುತ್ತದೆ. ಆದ್ದರಿಂದ ಒಳ್ಳೆಯ ಕೈಯನ್ನು ದಿನಕ್ಕೆ ಆರು ತಾಸು ನನ್ನೊಳಗೆ ಕಟ್ಟಿಡಬೇಕು. ಇದನ್ನೆಲ್ಲ ನಾನು ಫರ್ಜಾನಾ ಮೇಡಮ್ ಬಾಯಿಂದ ಕೇಳಿದೆ. ಅವರು ಗದಗಿನ ಆ ಆಸ್ಪತ್ರೆಯಲ್ಲಿ ಲಕ್ವಾ ಹೊಡೆದವರಿಗೆ ವ್ಯಾಯಾಮ ಮಾಡಿಸುವವರು. ಈ ಉಪಾಯ ನಮ್ಮ ಕಡೆಯ ಮನೆಗಳಲ್ಲಿ ನಡೆಯುತ್ತದೆಯೇ ಎಂದು ಸಂಶೋಧನೆ ಮಾಡುತ್ತಿದ್ದರು.

ನನ್ನನ್ನು ಮೊದಲು ಹಾಕಿಕೊಂಡವನು ಮನೆ ಕಟ್ಟುವ ಗೌಂಡಿ ಹುಸೇನಸಾಬ. ಅವನಿಗೆ ಸೋತದ್ದು ಬಲಗೈ, ನಾನು ಕುಳಿತದ್ದು ಎಡಗೈ ಮೇಲೆ. "ಎಡಗೈ ಕಟ್ಟಿ ಹಾಕಿದ್ರ ನಂದೇನ್ ಹೋಗತೈತ್ರಿ ಮೇಡಮ್? ಬೀಡಿ ಹಚ್ಚೋದೊಂದ ತಪ್ಪತೈತಿ," ಎಂದು ನಕ್ಕ. ಅನ್ನ ಚೆಲ್ಲಿದ, ಬೈದ, ಮತ್ತೆ ತುತ್ತು ಹಿಡಿದ. ಹತ್ತೊಂಬತ್ತನೆಯ ದಿನ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಂಡ. ಎರಡು ಗುಂಡಿ ತಪ್ಪಿದ್ದವು. ಹೆಂಡತಿ ಸರಿ ಮಾಡಲು ಬಂದರೆ ಬಿಡಲಿಲ್ಲ. ಸೊಟ್ಟ ಅಂಗಿಯಲ್ಲೇ ಆಸ್ಪತ್ರೆಗೆ ಬಂದು ಎಲ್ಲರಿಗೂ ತೋರಿಸಿದ. ಅಂದು ನನಗೆ ನನ್ನ ಮೇಲೆ ನಂಬಿಕೆ ಬಂತು.

ನನ್ನನ್ನು ಒಗೆದು ಒಣಗಿಸಿ ಕಲ್ಲವ್ವನಿಗೆ ಕೊಟ್ಟರು.

ಕಲ್ಲವ್ವ ಹೂಗಾರರ ಮನೆಯವಳು. ಓಣಿಯ ಗುಡಿಗೆ ದಿನವೂ ಬೆಳಗಿನ ಹೂವು ಅವರ ಮನೆಯಿಂದಲೇ ಹೋಗಬೇಕು. ಐದು ತಿಂಗಳ ಹಿಂದೆ ಸೇವಂತಿಗೆ ಕಟ್ಟುತ್ತ ಕುಳಿತಾಗ ಅವಳ ಎಡಗೈಯಿಂದ ಹೂವು ಜಾರಿತ್ತು. ಎತ್ತಿಕೊಂಡರೆ ಮತ್ತೆ ಜಾರಿತ್ತು. ಅಂದಿನಿಂದ ಅವಳು ಒಂದು ಮೊಳ ಹೂವನ್ನೂ ಕಟ್ಟಿರಲಿಲ್ಲ. ತೊಟ್ಟು ಹಿಡಿಯಲು ಎಡಗೈ ಬೇಕು, ದಾರ ಸುತ್ತಲು ಬಲಗೈ ಬೇಕು. ಒಂದೇ ಕೈಯಿಂದ ಆಗುವ ಕೆಲಸವಲ್ಲ ಅದು.

"ಮತ್ತ ಹೂ ಕಟ್ಟಾಕ ಬಂದ್ರ ಸಾಕ್ರಿ. ಬ್ಯಾರೆ ಏನೂ ಬ್ಯಾಡ ನನಗ," ಎಂದಳು.

ಮೇಡಮ್ ಒಂಬತ್ತು ತೂತಿನ ಹಲಗೆ ಇಟ್ಟು, ಒಂಬತ್ತು ಕಡ್ಡಿ ಕೊಟ್ಟರು. ಒಂದು ನಿಮಿಷದಲ್ಲಿ ಕಲ್ಲವ್ವನ ಎಡಗೈ ಒಂದೇ ಕಡ್ಡಿ ನೆಟ್ಟಿತು. ಬೆರಳು ಅಲುಗುತ್ತಿವೆ, ಕಲಿಸಿದರೆ ಕಲಿಯುತ್ತವೆ ಎಂದು ಮೇಡಮ್ ಖುಷಿಯಾದರು. "ಇದನ್ನ ಬಲಗೈಗೆ ಹಾಕೋರಿ. ಉಣ್ಣೋದು, ಹೂ ಎತ್ತೋದು, ಮಂದಿಗೆ ಕೊಡೋದು, ಎಲ್ಲಾ ಎಡಗೈಲೇ ಆಗ್ಬೇಕು," ಎಂದರು. ಕಲ್ಲವ್ವ ಮಗಳು ರತ್ನಾಳ ಮುಖ ನೋಡಿದಳು. ರತ್ನಾ ನೆಲ ನೋಡಿದಳು. ಮೇಡಮ್ ಅದನ್ನು ಒಪ್ಪಿಗೆ ಎಂದು ತಿಳಿದರು.

ಮೂರು ವಾರಕ್ಕೆ ಇಪ್ಪತ್ತೊಂದು ಮನೆ ಗೆರೆ ಹಾಕಿದ ಒಂದು ಪುಸ್ತಕವನ್ನು ರತ್ನಾಳ ಕೈಗೆ ಕೊಟ್ಟರು. "ದಿನಾ ಎಷ್ಟು ತಾಸು ಹಾಕೊಂಡ್ರು ಅಂತ ಬರಿ. ಆರು ಆಗ್ಬೇಕು, ನೋಡವಾ."

ದಾರಿಯಲ್ಲಿ ಕಲ್ಲವ್ವ ನನ್ನನ್ನು ತಿರುಗಿಸಿ ನೋಡಿ, "ಏನವಾ ಇದು, ಕೂಸಿನ ಕುಲಾಯಿ ಇದ್ದಂಗ ಐತಿ," ಎಂದಳು. ಕೂಸುಗಳ ತಲೆಗೆ ಹಾಕುವ ಟೊಪ್ಪಿಗೆಯ ಹೆಸರು ನನಗೆ ಹಾಗೆ ಬಂತು. ಅವರ ಮನೆಯಲ್ಲಿ ನಾನು ಕುಲಾಯಿಯೇ ಆದೆ.

ಮೊದಲ ದಿನ ಒಂಬತ್ತಕ್ಕೆ ರತ್ನಾ ಲಾಡಿ ಕಟ್ಟಿದಳು. ಸ್ವಲ್ಪ ಹೊತ್ತಿಗೆ ಓಣಿಯ ಹೆಣ್ಣುಮಗಳೊಬ್ಬಳು ಎರಡು ಮೊಳ ಮಲ್ಲಿಗೆಗೆ ಬಂದಳು. ಕಲ್ಲವ್ವ ನಡುಗುವ ಎಡಗೈಯಿಂದ ಹೂವು ಮುಂದೆ ಹಿಡಿದಳು. ಬಂದವಳು ಕೈ ಚಾಚಲಿಲ್ಲ. "ಬಲಗೈಲೆ ಕೊಡ ಕಲ್ಲವ್ವ. ಶುಕ್ರವಾರ ಐತಿ," ಎಂದು ಮೆಲ್ಲಗೇ ಹೇಳಿದಳು. ನನ್ನನ್ನು ಬಿಚ್ಚಿದರು.

ಊಟದ ಹೊತ್ತಿಗೆ ಮತ್ತೆ ಕಟ್ಟಿದರು. ಕಲ್ಲವ್ವನ ಅತ್ತೆ ಫಕೀರವ್ವ ಗಂಗಾಳ ಸರಿಸಿ ಎದುರಿಗೆ ಕುಳಿತಳು. "ಎಡಗೈಲೆ ಉಣ್ಣಾಕ ನಾ ಬಿಡಂಗಿಲ್ಲ. ಬಾಯಿ ತೆಗಿ, ನಾ ಉಣಸ್ತೇನಿ." ಎಂಬತ್ತರ ಮುದುಕಿ ಸೊಸೆಗೆ ತುತ್ತು ಮಾಡಿ ತಿನ್ನಿಸಿದಳು. ಅವಳ ಕೈ ಬಹಳ ಮೆತ್ತಗಿತ್ತು. ಕಲ್ಲವ್ವನ ಕಣ್ಣು ತುಂಬಿದವು. ಸೋತ ಕೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಆ ಹೊತ್ತಿನಲ್ಲಿ ನಾನಿದ್ದೂ ಇಲ್ಲದಂತೆಯೇ.

ಅಂದು ನಾನು ಕೈ ಮೇಲಿದ್ದದ್ದು ಒಂದು ತಾಸೂ ಇಲ್ಲ. ಸಂಜೆ ರತ್ನಾ ಪುಸ್ತಕ ತೆರೆದಳು. ಅವಳು ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಪುಸ್ತಕ ಎಂದರೆ ಸರಿಯಾದ ಉತ್ತರ ಬರೆಯುವ ಜಾಗ ಎಂದೇ ಅವಳಿಗೆ ಗೊತ್ತು. ಸರಿಯುತ್ತರವನ್ನು ಮೇಡಮ್ ಮೊದಲೇ ಹೇಳಿಕೊಟ್ಟಿದ್ದರು. ಅವಳು ಪೆನ್ನು ಒತ್ತಿ, ದುಂಡಗೆ, ಆರು ಎಂದು ಬರೆದಳು. ಮರುದಿನವೂ ಆರು. ಅದರ ಮರುದಿನವೂ.

ಹಾಗೆಂದು ಅವರು ನನ್ನನ್ನು ಪೂರ್ತಿ ಬಿಡಲಿಲ್ಲ. ಮಧ್ಯಾಹ್ನ ಫಕೀರವ್ವ ಅಡ್ಡಾದ ಮೇಲೆ ತಾಯಿ ಮಗಳು ಹಿತ್ತಲಲ್ಲಿ ಬಾಗಿಲು ಎಳೆದುಕೊಂಡು ಕೂರುತ್ತಿದ್ದರು. ರತ್ನಾ ನನ್ನನ್ನು ಬಲಗೈಗೆ ಕಟ್ಟಿ, ಉದುರಿದ ಸೇವಂತಿಗೆಗಳನ್ನು ಮೊರದಲ್ಲಿ ಹರವುತ್ತಿದ್ದಳು. ಎಡಗೈ ಹೂವಿನ ಮೇಲೆ ಬೀಳುತ್ತಿತ್ತು, ಹಿಡಿಯುತ್ತಿರಲಿಲ್ಲ. ನನ್ನೊಳಗೆ ಬಲಗೈ ಒದ್ದಾಡುತ್ತಿತ್ತು. ಹನ್ನೆರಡನೆಯ ದಿನ ಒಂದು ಹೂವು ಮೊರದಿಂದ ಮೇಲೆದ್ದಿತು. ಹದಿನಾಲ್ಕನೆಯ ದಿನ ಎಡಗೈಯ ಎರಡು ಬೆರಳು ತೊಟ್ಟನ್ನು ಹಿಡಿದು ನಿಂತವು, ರತ್ನಾ ದಾರ ಸುತ್ತಿ ಗಂಟು ಬಿಗಿದಳು. ಒಂದು ಹೂವು, ಒಂದು ಗಂಟು.

"ಬಂದ್ಯಾ ಕಳ್ಳ," ಎಂದು ಕಲ್ಲವ್ವ ತನ್ನ ಕೈಗೇ ಹೇಳಿ ನಕ್ಕಳು. ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆ ನಗುವಿಗೆ ಫಕೀರವ್ವ ಎದ್ದು ಬಂದಳು. ಮೊರದ ಪಕ್ಕದಲ್ಲೇ ನಾಳೆ ಗುಡಿಗೆ ಹೋಗಬೇಕಾದ ಹೂವಿನ ಬುಟ್ಟಿ ಇತ್ತು.

"ಒಂಟಿ ಎಡಗೈಲೆ ದೇವರ ಹೂ ಮುಟ್ಟಾಕತ್ತಿಯೇನ?"

"ಅವು ಉದುರಿದ್ದು, ಆಯಿ," ಎಂದಳು ರತ್ನಾ. ಮೊರವನ್ನು ತನ್ನತ್ತ ಎಳೆದುಕೊಂಡು, "ಕಟ್ಟೋಮುಂದ ಎಡಗೈನೂ ಮುಟ್ಟಿರತೈತಲ್ಲ."

"ಆವಾಗ ಬಲಗೈ ಜೋಡಿ ಇರತೈತಿ. ಅದು ಬ್ಯಾರೆ."

ಮುದುಕಿ ಬುಟ್ಟಿಯ ಹೂವನ್ನೆಲ್ಲ ತಿಪ್ಪೆಗೆ ಸುರಿದು ಬಂದಳು. ಕೂಗಾಡಲಿಲ್ಲ. ಬಂದು ಸೊಸೆಯ ಪಕ್ಕ ಕುಳಿತು ಎಡಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಎಣ್ಣೆ ಹಚ್ಚಿದಳು. "ಈ ಕೈಗೆ ತ್ರಾಸ ಕೊಡಬ್ಯಾಡವಾ. ಸಾಕು ಮಾಡು," ಎಂದಳು. ಕಲ್ಲವ್ವ ತಲೆ ಅಲ್ಲಾಡಿಸಿದಳು. ಉಳಿದ ಏಳು ದಿನ ನಾನು ಗೂಟಕ್ಕೆ ತೂಗಿದೆ. ಪುಸ್ತಕದಲ್ಲಿ ಇನ್ನೂ ಏಳು ಸಲ ಆರು ಬಿದ್ದಿತು.

ಮೂರು ವಾರ ಮುಗಿದು ಮತ್ತೆ ಹಲಗೆ, ಮತ್ತೆ ಕಡ್ಡಿ. ಕಲ್ಲವ್ವ ಎರಡು ನೆಟ್ಟಳು. ಮೂರನೆಯದು ಬೆರಳ ತುದಿಯವರೆಗೆ ಬಂದು ಬಿತ್ತು. ಮೇಡಮ್ ಪುಸ್ತಕ ತಿರುವಿ, ಇಪ್ಪತ್ತೊಂದು ಆರುಗಳನ್ನು ನೋಡಿ, ಹಲಗೆಯನ್ನು ನೋಡಿದರು. ಅವರ ಮುಖ ಇಳಿಯಿತು.

"ನೀವು ಒಂದ್ ದಿನಾನೂ ತಪ್ಪಿಸಿಲ್ಲ," ಎಂದು ಕಲ್ಲವ್ವನ ಹೆಗಲು ಮುಟ್ಟಿದರು. "ಇಷ್ಟು ಮಾಡಿದ ಮ್ಯಾಲೂ ಬರಲಿಲ್ಲ ಅಂದ್ರ ನಿಮ್ಮ ತಪ್ಪೇನಿಲ್ಲ. ಈ ಕೈ ಇಷ್ಟೇ ಅಂತ ತಿಳಕೊಳ್ರಿ. ಒಂದ್ ಕೈಲೆ ಮನಿಗೆಲಸ ಹೆಂಗ ಮಾಡೋದು ಅಂತ ಕಲಸ್ತೀನಿ."

ಆ ಕೈ ಹೂವು ಹಿಡಿದದ್ದನ್ನು ನೋಡಿದವರು ಅಲ್ಲಿ ಮೂವರಿದ್ದೆವು. ನನಗೆ ಬಾಯಿಲ್ಲ. ಕಲ್ಲವ್ವನಿಗೆ ಪುಸ್ತಕದಲ್ಲಿ ಏನಿದೆಯೋ ಗೊತ್ತಿಲ್ಲ, ಅವಳಿಗೆ ಓದು ಬರುವುದಿಲ್ಲ. ರತ್ನಾಳ ತುಟಿ ಬಿಚ್ಚಿದವು, ಮತ್ತೆ ಮುಚ್ಚಿಕೊಂಡವು. ಕಲ್ಲವ್ವ ಎಡಗೈಯನ್ನು ಬಲಗೈಯಿಂದ ಎತ್ತಿ, ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಎದ್ದಳು.

ಆಮೇಲೆ ನನ್ನನ್ನು ಯಾರಿಗೂ ಕೊಡಲಿಲ್ಲ. ಮೇಡಮ್ ಮೇಜಿನ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಸೇರಿದೆ. ಹತ್ತಿ ಗಂಟುಗಂಟಾಗಿದೆ. ಒಂದು ಕಡೆ ಸೇವಂತಿಗೆಯ ಹಳದಿ ಕಲೆ ಒಗೆದರೂ ಹೋಗಿಲ್ಲ. ನನ್ನ ಮೇಲೆ ಆ ಪುಸ್ತಕವಿತ್ತು. ಒಮ್ಮೆ ಮೇಡಮ್ ಜೊತೆಯವರಿಗೆ ತಾವು ಬರೆದದ್ದನ್ನು ಓದಿ ಹೇಳುತ್ತಿದ್ದರು. ಬಲಗೈ ಸೋತವರಿಗೆ ಗವಸಿನಿಂದ ಗುಣ ಕಂಡಿತು, ಎಡಗೈ ಸೋತವರಿಗೆ ದಿನಕ್ಕೆ ಆರು ತಾಸು ಹಾಕಿದರೂ ಕಾಣಲಿಲ್ಲ, ಅವರಿಗೆ ಕೊಡುವುದನ್ನು ನಿಲ್ಲಿಸಬಹುದು ಎಂದು. ನಾನು ಕತ್ತಲಲ್ಲಿ ಕೇಳಿಸಿಕೊಂಡೆ. ಹಾಗಾದರೆ ಬೇರೆಯವರ ಮನೆಗಳ ಪುಸ್ತಕಗಳಲ್ಲಿರುವ ಆರುಗಳೂ ಇಂಥವೇ ಇರಬಹುದೇ ಎಂದು ಯೋಚಿಸಿದೆ. ಅವರನ್ನು ನಾನು ನೋಡಿಲ್ಲ, ಹೇಳಲಾರೆ. ನಾನು ನೋಡಿದ್ದು ಒಂದು ಮೊರ, ಎರಡು ಬೆರಳು, ಒಂದು ಗಂಟು.

ನಿನ್ನೆ ಮಧ್ಯಾಹ್ನ ಮೇಡಮ್ ಪೆಟ್ಟಿಗೆಯನ್ನು ಹೊರಗೆಳೆದು, ಮುಚ್ಚಳ ತೆರೆದು ಮೇಜಿನ ಮೇಲಿಟ್ಟಿದ್ದರು. ಹಳೆಯದನ್ನೆಲ್ಲ ಉಗ್ರಾಣಕ್ಕೆ ಕಳಿಸುವುದಿತ್ತು. ಬಾಗಿಲಲ್ಲಿ ಯಾರೋ ನಿಂತಂತಾಯಿತು. ಖಾಲಿ ಹೂಬುಟ್ಟಿ ಹಿಡಿದು ರತ್ನಾ ನಿಂತಿದ್ದಳು. ಒಳಗೆ ಬರಲಿಲ್ಲ.

"ಮೇಡಮ್, ಪುಸ್ತಕದಾಗ ನಾ ಬರೆದದ್ದು ಖರೆ ಅಲ್ರಿ. ಆರು ತಾಸು ಒಂದ್ ದಿನಾನೂ ಹಾಕಿಲ್ಲ. ಒಂದ್ ತಾಸು ಹಾಕಿದ್ರ ಹೆಚ್ಚು. ಕಡೀ ವಾರ ಅದೂ ಇಲ್ರಿ." ಉಸಿರು ತೆಗೆದುಕೊಂಡಳು. "ಅಷ್ಟಕ್ಕ ಅವ್ವನ ಕೈ ಹೂ ಹಿಡಿದಿತ್ರಿ. ನಾ ನೋಡೇನಿ."

ಮೇಡಮ್ ಕೈ ಪೆಟ್ಟಿಗೆಯ ಮುಚ್ಚಳದ ಮೇಲೆ ನಿಂತಿತು. ಅವರು ಪುಸ್ತಕ ನೋಡಿದರು, ಗೋಡೆಗೆ ಅಂಟಿಸಿದ್ದ ತಮ್ಮ ಬರಹ ನೋಡಿದರು. ಫ್ಯಾನು ತಿರುಗುತ್ತಿತ್ತು.

"ಆ ಕುಲಾಯಿ ಇನ್ನೊಂದ್ ಸಲ ಕೊಡ್ರಿ ಮೇಡಮ್."

ಮೇಡಮ್ ಬೆರಳು ಮುಚ್ಚಳದ ಅಂಚನ್ನು ಸವರುತ್ತಿತ್ತು. ರತ್ನಾ ಬುಟ್ಟಿಯನ್ನು ಎಡಗೈಗೆ ಬದಲಿಸಿಕೊಂಡು, ಇನ್ನೂ ಮೆಲ್ಲಗೆ ಕೇಳಿದಳು.

"ಕೊಡ್ರಿ. ಈ ಸಲ ಎಷ್ಟು ತಾಸೋ ಅಷ್ಟ ಬರೀತೇನ್ರಿ."