ಕಿವಿ ಕಾಯುವ ಫೋನು

ಸುದ್ದಿ ಓದುವಾಕೆ "ನಗರದ ನೀರು ಸರಬರಾಜು" ಎನ್ನುವಷ್ಟರಲ್ಲಿ ಯಾರೋ ಅವಳ ಬಾಯಿಗೆ ಕಂಬಳಿ ಹೊದಿಸಿದಂತಾಯಿತು. ಮೇಸ್ತ್ರಿ ತಲೆಯ ಮೇಲಿದ್ದ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದರು. ಊಹೂಂ. ಕಿತ್ತು ತೆಗೆದು, ಉಫ್ ಎಂದು ಊದಿ, ಮತ್ತೆ ಹಾಕಿಕೊಂಡರು. ಮೇಜಿನ ಮೇಲಿದ್ದ ಫೋನಿನಲ್ಲಿ ಒಂದು ಸಾಲು ಬೆಳಗುತ್ತಿತ್ತು: "ನಿಮ್ಮ ಕಿವಿಗಳ ರಕ್ಷಣೆಗಾಗಿ ಧ್ವನಿಯನ್ನು ತಗ್ಗಿಸಲಾಗಿದೆ."

"ಏ, ಬಾ ಇಲ್ಲಿ! ಈ ಮೂದೇವಿ ನನ್ ಕಿವಿ ಕಾಪಾಡ್ತಂತೆ, ನೋಡು!"

ಅಡುಗೆಮನೆಯಿಂದ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಸಾಲನ್ನು ಎರಡು ಸಲ ಓದಿದಳು. ನಂತರ ಗಂಡನ ಕಿವಿಯ ಹತ್ತಿರ ಬಾಗಿ, ಬೀದಿಯ ಆ ತುದಿಗೂ ಕೇಳುವ ಹಾಗೆ ಕೂಗಿದಳು. "ಇಷ್ಟ್ ವರ್ಷ ಎಲ್ಲಿಗ್ ಹೋಗಿತ್ತಂತೆ ಕೇಳ್ರೀ!"

ಕೇಳಬೇಕಾದ ಮಾತೇ. ಮೇಸ್ತ್ರಿ ಡಬ್ಬಿ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಪ್ರೆಸ್ಸು ನೋಡಿಕೊಳ್ಳುವವರು. ತಗಡಿನ ಶೆಡ್ಡು, ಒಳಗೆ ಸಾಲಾಗಿ ಪ್ರೆಸ್ಸುಗಳು, ಒಂದೊಂದೂ ಬೆಳಗಿನಿಂದ ಸಂಜೆಯವರೆಗೆ ಧಡ್ ಧಡ್ ಎಂದು ತಗಡಿನ ಮೇಲೆ ಬೀಳುತ್ತಿರುತ್ತವೆ. ಮೇಸ್ತ್ರಿಯ ಕಿವಿ ಒಂದೇ ಸಲ ಹೋಗಲಿಲ್ಲ. ಮೊದಲು ಜೀರುಂಡೆ ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಹೆಂಗಸರ ಮಕ್ಕಳ ಮಾತು. ಆಗ ಯಾರೂ ಬಂದು ರಕ್ಷಣೆಯ ಮಾತಾಡಲಿಲ್ಲ. ಕಿವಿಗೆ ತುರುಕಿಕೊಳ್ಳಲು ಹತ್ತಿ ಕೊಟ್ಟಿದ್ದರು, ಅದನ್ನು ಎಲ್ಲರೂ ಕೈಯ ಎಣ್ಣೆ ಒರೆಸಲು ಬಳಸಿದರು. ಈಗ ಅಂಗೈಯಗಲದ ಫೋನು ಬಂದು ರಕ್ಷಣೆ ಎನ್ನುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು.

ಶೆಡ್ಡಿನಲ್ಲಿ ಮಾತಿನ ಕೆಲಸವನ್ನು ಕೈಯೇ ಮಾಡುತ್ತದೆ. ಮುಷ್ಟಿ ಎತ್ತಿದರೆ ನಿಲ್ಲಿಸು, ಅಂಗೈ ಕೆಳಗೆ ಒತ್ತಿದರೆ ನಿಧಾನ, ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸಿದರೆ ನಡೆಯಲಿ. ಯಂತ್ರದ ಹೊಟ್ಟೆನೋವು ತಿಳಿಯಬೇಕಾದರೆ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲೆ ಊರಿ, ಅದರ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಾರೆ. ಅದು ಎಲ್ಲ ಮೆಕ್ಯಾನಿಕ್ಕುಗಳೂ ಮಾಡುವುದೇ. ಮನೆಯಲ್ಲಿ ಮಾತ್ರ ಎಲ್ಲರೂ ಕೂಗುತ್ತಾರೆ. ಈ ಮನೆಯಲ್ಲಿ ದಿನಬೆಳಗಾದರೆ ಜಗಳ ಎಂದು ಪಕ್ಕದ ಮನೆಯವರು ಬಹಳ ಕಾಲ ನಂಬಿದ್ದರು.

ಇರುವವಳು ಒಬ್ಬಳೇ ಮಗಳು. ಅವಳಿಗೆ ಮಾತು ಬರುವ ಹೊತ್ತಿಗೆ ಅಪ್ಪನ ಕಿವಿ ಅರ್ಧ ಹೋಗಿತ್ತು, ಆದ್ದರಿಂದ ಅವಳು ಅಪ್ಪನೊಂದಿಗೆ ಮಾತು ಕಲಿತದ್ದೇ ಕೂಗಿನಲ್ಲಿ. ಅಪ್ಪನ ಕಡೆ ತಿರುಗಿದರೆ ಅವಳ ಕತ್ತಿನ ನರ ಉಬ್ಬುತ್ತದೆ, ಹುಬ್ಬು ಮೇಲೇರುತ್ತದೆ. ಅದೇ ಮಗಳು ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುವಾಗ ಮುಖ ಸಡಿಲವಾಗಿರುತ್ತದೆ, ತುಟಿ ಮೆಲ್ಲಗೆ ಆಡುತ್ತದೆ. ಮೇಸ್ತ್ರಿ ಪೇಪರು ಓದುವವರಂತೆ ನಟಿಸುತ್ತ ಅದನ್ನು ನೋಡುತ್ತ ಕೂತಿರುವುದುಂಟು. ಆ ದನಿ ಹೇಗಿದೆಯೋ ಅವರಿಗೆ ಗೊತ್ತಿರಲಿಲ್ಲ. ಹೊರಗಿನವರಿಗೆಲ್ಲ ಸಿಗುವ ಮಗಳ ಮಾಮೂಲಿ ಮಾತು ತನಗೊಬ್ಬನಿಗೇ ಸಿಕ್ಕಿಲ್ಲ ಎಂಬ ಹೊಟ್ಟೆಕಿಚ್ಚು ಅವರಿಗಿತ್ತು. ಯಾರ ಹತ್ತಿರ ಹೇಳಿಕೊಳ್ಳುವುದು?

ಮಗಳು ಒಂದು ಸಣ್ಣ ರೇಡಿಯೋ ಕೇಂದ್ರದಲ್ಲಿ ಸುದ್ದಿ ಬರೆಯುತ್ತಾಳೆ. ರೇಡಿಯೋ ಎಂದು ಹೆಸರು, ಬರುವುದು ಮೊಬೈಲಿನಲ್ಲಿ ಮಾತ್ರ. ಇವಳು ಬರೆದದ್ದನ್ನು ಬೇರೆಯವರು ಓದುತ್ತಾರೆ. ಆ ವಾರ ಮಾತ್ರ ಓದುವಾಕೆಗೆ ಊರಿಗೆ ಹೋಗುವ ತುರ್ತು ಬಂದು, ಶನಿವಾರ ಬೆಳಗಿನ ವಾರ್ತೆ ಇವಳ ಪಾಲಿಗೆ ಬಂದಿತ್ತು. ಒಂದೇ ಬೆಳಗು. ಓದಿದ್ದನ್ನು ಅಲ್ಲಿ ಯಾರೂ ಕೂಡಿಡುವುದಿಲ್ಲ, ಗಾಳಿಗೆ ಹೋದರೆ ಹೋಯಿತು.

"ಅಪ್ಪಾ, ಅಲ್ಲಿ ಕೂಗೋ ಹಾಗಿಲ್ಲ!" ಎಂದು ಅವಳು ಕೂಗಿ ಹೇಳಿದ್ದಳು. "ಮೆಲ್ಲಗೇ ಓದ್ಬೇಕು! ನೀನು ಹೆಡ್‌ಫೋನಲ್ಲಿ ಸೌಂಡ್ ಜಾಸ್ತಿ ಇಟ್ಕೊಂಡು ಕೇಳು!"

ಮೆಲ್ಲಗೆ ಓದುತ್ತಾಳೆ, ಅದನ್ನು ಜೋರಾಗಿ ಕೇಳಬಹುದು! ಮೇಸ್ತ್ರಿ ಅದೇ ಸಂಜೆ ಹೋಗಿ ದೊಡ್ಡ ಬ್ಲೂಟೂತ್ ಹೆಡ್‌ಫೋನು ತಂದರು. ಹಿಂದೊಮ್ಮೆ ಕಿವಿಗಿಡುವ ಯಂತ್ರವನ್ನೂ ತಂದಿದ್ದರು. ಅದು ತಟ್ಟೆ ಲೋಟದ ಸದ್ದನ್ನೆಲ್ಲ ಹಿಗ್ಗಿಸಿ ತಲೆ ಕೆಡಿಸಿದ್ದರಿಂದ ಬೀರು ಸೇರಿತ್ತು. ಇದು ಹಾಗಲ್ಲ. ಹಾಕಿಕೊಂಡರೆ ಹೊರಗಿನದೇನೂ ಇಲ್ಲ, ಒಳಗೆ ಬರೀ ಮಾತು.

ಆದರೆ ಈ ಫೋನು! ಮಾತು ಕಿವಿಗೆ ಕೂಡಿಬರುವಷ್ಟರಲ್ಲಿ ದನಿಯನ್ನು ತಾನೇ ತಗ್ಗಿಸುತ್ತದೆ. ಏರಿಸಿದರೆ ಮತ್ತೆ ತಗ್ಗಿಸುತ್ತದೆ. ಜೊತೆಗೆ ಆ ರಕ್ಷಣೆಯ ಸಾಲು. ಮೇಸ್ತ್ರಿ ಮರುದಿನ ಕಾರ್ಖಾನೆಯಿಂದ ನೇರವಾಗಿ ಫೋನ್ ಅಂಗಡಿಗೆ ಹೋದರು. ಅಂಗಡಿಯಾಕೆ ನಿಧಾನಸ್ಥೆ, ಕನ್ನಡಕವನ್ನು ಹಣೆಗೇರಿಸಿ ಫೋನನ್ನು ತಿರುವಿ ಮುರುವಿ ನೋಡಿದಳು.

"ಇದು ಕಾನೂನು ಅಂಕಲ್. ಎಲ್ಲಾ ಫೋನಲ್ಲೂ ಇರುತ್ತೆ."

"ಏನು? ಜೋರಾಗಿ ಹೇಳಮ್ಮಾ."

"ಕಾನೂನು! ಜೋರಾಗಿ ಕೇಳಿದ್ರೆ ಕಿವುಡಾಗ್ತಾರೆ ಅಂತ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ನಾನಾಗ್ಲೇ ಆಗಿದೀನಲ್ಲ!" ಎಂದರು ಮೇಸ್ತ್ರಿ. "ಆಗಿರೋನಿಗೆ ಏನ್ ಕಾನೂನು? ಅದನ್ನ ಅದಕ್ಕೆ ಹೇಳಕ್ಕೆ ಎಲ್ಲಾದ್ರೂ ಜಾಗ ಇದ್ಯಾ?"

ಹೇಳಲು ಜಾಗವಿರಲಿಲ್ಲ. ಇವರಿಗೆ ಎಷ್ಟು ವಯಸ್ಸು, ಎಲ್ಲಿದ್ದಾರೆ, ಏನು ಕೊಂಡರು ಎಂದೆಲ್ಲ ಬಲ್ಲ ಫೋನಿಗೆ ಇವರಿಗೆ ಕಿವಿ ಕೇಳಿಸುವುದಿಲ್ಲ ಎಂಬುದನ್ನು ತಿಳಿಸುವ ದಾರಿ ಇರಲಿಲ್ಲ. ಅಂಗಡಿಯಾಕೆ ಫೋನಿನ ಸೆಟ್ಟಿಂಗಿನಲ್ಲಿ ಎಲ್ಲೋ ಒಳಗೆ ಹೋಗಿ ಒಂದು ಗುಂಡಿ ಆರಿಸಿ, "ಇನ್ಮೇಲೆ ಆ ಮೆಸೇಜು ಬರಲ್ಲ" ಎಂದು ಕೊಟ್ಟಳು. ಆ ಸಂಜೆ ನಿಜಕ್ಕೂ ಬರಲಿಲ್ಲ. ದನಿ ಏರಿಸಿದಲ್ಲೇ ನಿಂತಿತು.

ಬೇರೆಯವರಾಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದರು. ಆದರೆ ಪ್ರೆಸ್ಸಿಗೆ ಡೈ, ಅಂದರೆ ಅಚ್ಚು, ಕೂರಿಸಿದ ಮೇಲೆ ಟ್ರಯಲ್ ಒತ್ತಿ ನೋಡದೆ ಮಾಲು ಹಾಕುವವನನ್ನು ಮೇಸ್ತ್ರಿ ಮನುಷ್ಯನೆಂದೇ ಎಣಿಸುವುದಿಲ್ಲ. ದಿನಾ ಬೆಳಿಗ್ಗೆ ಟ್ರಯಲ್, ಸಂಜೆ ಬಂದ ಮೇಲೆ ಟ್ರಯಲ್. ಸುದ್ದಿ ಮುಗಿದ ಮೇಲೆ ಬರುವ ಅಡುಗೆ, ಆರೋಗ್ಯ, ಹಳೆಯ ಹಾಡು, ಎಲ್ಲವನ್ನೂ ಪೂರ್ತಿ ದನಿಯಲ್ಲಿ ಕೇಳಿ ತಲೆಯಾಡಿಸಿದರು. ಹೆಂಗಸಿನ ಓದು ಅವರಿಗೆ ಅಲ್ಲಲ್ಲಿ ತುಂಡಾಗಿ ಬರುತ್ತಿತ್ತು. ಆದರೂ ಸಾಲು ಸಾಲೇ ಕೈಗೆ ಸಿಗುತ್ತಿತ್ತು.

"ಊರ ಸುದ್ದಿಯೆಲ್ಲ ನಿಮ್ಮ ಕಿವೀಲೇ ಇದೆ, ಮನೆಲಿ ಎಣ್ಣೆ ಮುಗಿದದ್ದು ಮಾತ್ರ ಗೊತ್ತಿಲ್ಲ!" ಎಂದಳು ಹೆಂಡತಿ.

"ಟ್ರಯಲ್ ಕಣೇ. ಆ ದಿನ ಕೈ ಕೊಟ್ರೆ?"

ಶನಿವಾರ ಮಗಳು ಇನ್ನೂ ಬೆಳಕು ಹರಿಯುವ ಮೊದಲೇ ಹೊರಟುಹೋದಳು. ಮೇಸ್ತ್ರಿ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಅಡುಗೆಮನೆಯ ಮೇಜಿಗೆ ಬಂದು ಕೂತರು. ಹೆಂಡತಿಯದು ಬಟನ್ ಫೋನು, ಅದರಲ್ಲಿ ಕೇಂದ್ರ ಬರುವುದಿಲ್ಲ. ಇದನ್ನೇ ಸ್ಪೀಕರಿಗೆ ಹಾಕಿ ಇಬ್ಬರೂ ಕೇಳೋಣವೆಂದರೆ ಇವರಿಗೆ ಕೇಳಿಸುವುದಿಲ್ಲ. "ನೀವೇ ಕೇಳ್ರೀ. ಕೇಳಿ ನಂಗ್ ಹೇಳಿ. ನಂಗೇನು, ಅವಳ ಮಾತು ದಿನಾ ಇದ್ದದ್ದೇ" ಎಂದು ಅವಳು ಹಿಟ್ಟು ಕಲಸಲು ನಿಂತಳು. ಕಲಸುವ ಕೈ ಮಾತ್ರ ಪಾತ್ರೆಯಲ್ಲಿ ಸುಮ್ಮನೆ ನಿಂತಿತ್ತು, ಕಣ್ಣು ಗಂಡನ ಮುಖದ ಮೇಲಿತ್ತು.

ಶುರುವಿನ ಸಂಗೀತ ಬಂತು, ನಿಂತಿತು. "ನಮಸ್ಕಾರ. ವಾರ್ತೆಗಳು. ಓದುತ್ತಿರುವವರು..."

ಅಷ್ಟೇ. ದನಿ ಇಳಿಯಿತು, ಇಳಿದು ಸತ್ತೇಹೋಯಿತು. ಫೋನಿನಲ್ಲಿ ಹೊಸ ಸಾಲು ಬಂದಿತ್ತು, ಮೊದಲಿನದಕ್ಕಿಂತ ಉದ್ದನೆಯದು. ಮೇಸ್ತ್ರಿ ಅದನ್ನು ಓದುವ ಗೋಜಿಗೆ ಹೋಗದೆ ಪಕ್ಕದ ಗುಂಡಿ ಒತ್ತಿದರು. ಏರಿತು, ಇನ್ನೇನು ಎನ್ನುವಾಗ ಮತ್ತೆ ಇಳಿಯಿತು. ಸಾಲಿನ ಕೆಳಗೆ 'ಸರಿ' ಎಂದಿತ್ತು. ಅದನ್ನು ಒತ್ತಿದರು. ಎಷ್ಟೋ ವರ್ಷ ತಗಡು ಹಿಡಿದು ಹಿಡಿದು ಸವೆದ ಬೆರಳು ಅದು. ಗಾಜಿಗೆ ಆ ಬೆರಳು ಒತ್ತಿದ್ದೇ ತಿಳಿಯಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದರು. ಉಗುರಿನಿಂದ ಕುಟ್ಟಿದರು.

"ಬಾರೇ! ನೀನ್ ಒತ್ತು! ಬೇಗ!"

ಹೆಂಡತಿ ಓಡಿಬಂದು ಹಿಟ್ಟಿನ ಬೆರಳಿನಿಂದಲೇ ಒತ್ತಿದಳು. ಸಾಲು ಹೋಗುವ ಬದಲು ಕೇಂದ್ರವೇ ಹೋಯಿತು, ಎಲ್ಲಿಂದಲೋ ಯಾರದೋ ಮಗುವಿನ ಫೋಟೋ ಬಂತು. ಅದನ್ನು ತೆಗೆಯಲು ಹೋದರೆ ಬೆಳಕು ಆರಿತು. ಬೆಳಗಿಸಿ, ಹಿಟ್ಟು ಒರೆಸಿ, ಕೇಂದ್ರವನ್ನು ಹುಡುಕಿ ಮತ್ತೆ ಹಚ್ಚುವ ಹೊತ್ತಿಗೆ ಅದೇ ಸಂಗೀತ ತೆಳ್ಳಗೆ ಬರುತ್ತಿತ್ತು. ಅದು ಮುಕ್ತಾಯದ ಸಂಗೀತ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೇಸ್ತ್ರಿಗೆ ಅಳು ಬಂದಿತೋ ಸಿಟ್ಟು ಬಂದಿತೋ, ಎರಡೂ ಬಂದಿರಬೇಕು. ಫೋನನ್ನು ಗೋಡೆಗೆ ಎಸೆಯಲು ಕೈ ಎತ್ತಿದರು. ಎಸೆಯುವಷ್ಟು ಅಗ್ಗದ ವಸ್ತುವಲ್ಲ. ಕೊನೆಗೆ ಅದನ್ನು ಮೇಜಿನ ಮೇಲೆ ಕವುಚಿ, ಅದರ ಮೇಲೊಂದು ಬೋಗುಣಿ ಕವುಚಿ, "ಬಿದ್ಕೊಂಡಿರು ಅಲ್ಲೇ" ಎಂದರು. ಹೆಂಡತಿ ನಗಲಿಲ್ಲ.

ಬಿಸಿಲೇರುವ ಹೊತ್ತಿಗೆ ಮಗಳು ಬಂದಳು. ಚಪ್ಪಲಿ ಬಿಡುವಾಗಲೇ ಕತ್ತಿನ ನರ ಉಬ್ಬಿತು. "ಅಪ್ಪಾ! ಕೇಳಿದ್ಯಾ? ಹೇಗಿತ್ತು?"

"ಚೆನ್ನಾಗಿತ್ತು."

"ಮಧ್ಯೆ ಒಂದ್ಕಡೆ ತಡವರಿಸ್ದೆ! ಗೊತ್ತಾಯ್ತಾ?"

"ಏ, ಇಲ್ಲಪ್ಪ. ಏನೂ ಗೊತ್ತಾಗ್ಲಿಲ್ಲ."

"ಎಲ್ಲಿಂದ ಗೊತ್ತಾಗ್ಬೇಕು?" ಎಂದಳು ಹೆಂಡತಿ, ಗಂಡನಿಗೆ ಕೇಳಿಸದ ದನಿಯಲ್ಲಿ. "ಮೊದಲ್ನೇ ಮಾತಿಗೇ ಆ ಫೋನು ಕೈ ಕೊಡ್ತು. ನಿನ್ ಹೆಸರೂ ಕೇಳಿಸ್ಲಿಲ್ಲ ಪಾಪ. ಆಗ್ಲಿಂದ ಒಂದ್ ತೊಟ್ಟು ಕಾಫಿ ಕುಡಿದಿಲ್ಲ."

ಮಗಳು ಬೋಗುಣಿ ಎತ್ತಿ ಫೋನು ತೆಗೆದುಕೊಂಡಳು. ಉದ್ದನೆಯ ಸಾಲು ಅಲ್ಲೇ ಇತ್ತು. ಓದುತ್ತ ಓದುತ್ತ ಅವಳಿಗೆ ನಗು ಬಂತು, ಅಪ್ಪನ ಒಗೆದ ಅಂಗಿ ಕಂಡು ನಿಂತಿತು. "ಅಪ್ಪಾ, ಇದು ವಾರಕ್ಕೆ ಇಷ್ಟೇ ಸೌಂಡು ಅಂತ ಲೆಕ್ಕ ಇಟ್ಕೊಳುತ್ತೆ! ವಾರ ಪೂರ್ತಿ ಜೋರಾಗಿ ಕೇಳಿದೀಯಲ್ಲ, ನಿನ್ ಪಾಲು ಮುಗಿದೋಗಿದೆ!"

"ಟ್ರಯಲ್ ನೋಡಿದ್ದು ನಾನು."

"ಆ ಟ್ರಯಲ್ಲಲ್ಲೇ ಖಾಲಿ ಆಗಿರೋದು!"

ಮೇಸ್ತ್ರಿ ಹೆಡ್‌ಫೋನಿನ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತುತ್ತ ಕೂತರು. ಯಾವ ಪ್ರೆಸ್ಸೂ ಅವರಿಗೆ ಹೀಗೆ ಮಾಡಿರಲಿಲ್ಲ. ಎಚ್ಚರಿಕೆ ವಹಿಸಿದ್ದಕ್ಕೇ ಶಿಕ್ಷೆಯಾದರೆ ಮನುಷ್ಯ ಹೇಗೆ ಕೆಲಸ ಮಾಡಬೇಕು?

"ಹೋಗ್ಲಿ ಬಿಡು, ಎಲ್ಲಾ ಬಾಯಿಪಾಠ ಆಗಿದೆ, ಇಲ್ಲೇ ಓದ್ತೀನಿ!" ಎಂದು ಮಗಳು ಎದುರಿನ ಕುರ್ಚಿ ಎಳೆದುಕೊಂಡು, ಉಸಿರು ತುಂಬಿಕೊಂಡು ಕೂಗಿದಳು. "ನಮಸ್ಕಾರ! ವಾರ್ತೆಗಳು!"

ಮೇಸ್ತ್ರಿ ಮುಷ್ಟಿ ಎತ್ತಿದರು. ಮಗಳು ನಿಲ್ಲಿಸಿದಳು. ಈ ಸನ್ನೆಗಳು ಅವಳಿಗೆ ಅಕ್ಷರ ಕಲಿಯುವ ಮೊದಲೇ ಬಂದವು.

"ಇದು ಬೇಡ. ಇದು ನಂಗ್ ಗೊತ್ತು" ಎಂದರು. "ಅಲ್ಲಿ ಓದಿದ್ಯಲ್ಲ, ಹಾಗೆ ಓದು."

"ಹಾಗೆ ಓದಿದ್ರೆ ನಿಂಗ್ ಕೇಳ್ಸಲ್ಲ ಅಪ್ಪಾ!"

"ಗೊತ್ತು. ಓದು."

ಮಗಳು ಅಮ್ಮನ ಮುಖ ನೋಡಿದಳು. ಆಮೇಲೆ ಓದತೊಡಗಿದಳು. ಮುಖ ಸಡಿಲವಾಯಿತು, ತುಟಿ ಮೆಲ್ಲಗೆ ಆಡಿತು, ಗೆಳತಿಯ ಜೊತೆ ಮಾತಾಡುವಾಗಿನ ಹಾಗೆ. ಮೇಸ್ತ್ರಿ ಮುಂದೆ ಬಾಗಿದರು, ಇನ್ನೂ ಬಾಗಿದರು. ಏನೂ ಇಲ್ಲ. ಅವರು ತಟ್ಟನೆ ಎದ್ದು ಒಲೆಯ ಪಕ್ಕದ ಡಬ್ಬಿಯಿಂದ ಉದ್ದನೆಯ ಮರದ ಸೌಟು ತೆಗೆದು, ಒರೆಸಿ, ಕುರ್ಚಿಯನ್ನು ಮಗಳ ಬದಿಗೆ ಎಳೆದುಕೊಂಡು ಕೂತರು.

"ಅಯ್ಯೋ, ಏನ್ರೀ ಇದು? ಅವಳೇನು ಬೇರಿಂಗಾ?" ಎಂದಳು ಹೆಂಡತಿ.

ಮೇಸ್ತ್ರಿಗೆ ಅದು ಕೇಳಿಸಲಿಲ್ಲ. ಸೌಟಿನ ತಲೆಯನ್ನು ಮಗಳ ಕತ್ತಿನ ಬುಡದ ಎಲುಬಿನ ಮೇಲೆ ಮೆತ್ತಗೆ ಇಟ್ಟರು, ಹಿಡಿಯ ತುದಿಯನ್ನು ತಮ್ಮ ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಮಗಳಿಗೆ ಕಚಗುಳಿಯಾಗಿ ಭುಜ ಕುಣಿಯಿತು. ಅವರು ಅಂಗೈ ಕೆಳಗೆ ಒತ್ತಿದರು, ನಿಧಾನ. ಅವಳು ಮೊದಲಿನಿಂದ ಶುರು ಮಾಡಿದಳು.

ಮಾತುಗಳು ಪೂರ್ತಿ ಬರಲಿಲ್ಲ. ನೀರಿನ ಪೈಪು ಬಂತು, ಅದರ ಹಿಂದುಮುಂದು ಬರಲಿಲ್ಲ. ಆದರೆ ಮಾತಿನ ಅಡಿಯಲ್ಲಿ ಒಂದು ದನಿ ಒಂದೇ ಸಮನೆ ಬರುತ್ತಿತ್ತು. ಮನೆಯಲ್ಲಿ ಇಷ್ಟು ಕಾಲ ಕೇಳಿದ ಚೂಪು ಕೂಗು ಅದಾಗಿರಲಿಲ್ಲ. ಕೆಳಗಿನ ದನಿ, ತುಸು ಭಾರ, ಅವಸರವಿಲ್ಲದ್ದು.

ಮೇಸ್ತ್ರಿ ಕಣ್ಣು ತೆರೆದರು. "ನಿನ್ ದನಿ ಇಷ್ಟು ದಪ್ಪಾನಾ?" ಎಂದರು. "ನಮ್ಮಮ್ಮಂದೂ ಹೀಗೇ ಇತ್ತು."

ಮಗಳು ಓದುವುದನ್ನು ನಿಲ್ಲಿಸಿದಳು. ಹೆಂಡತಿ ಹೋಗಿ ಸಾರು ಕುದಿಯುತ್ತಿದ್ದ ಒಲೆ ಆರಿಸಿದಳು, ಬೀದಿ ಕಡೆಯ ಕಿಟಕಿ ಮುಚ್ಚಿದಳು. ಮೇಜಿನ ಮೇಲೆ ಫೋನು ಒಮ್ಮೆ ಬೆಳಗಿ ಆರಿತು.

ಮೇಸ್ತ್ರಿ ಸೌಟನ್ನು ತೆಗೆಯಲಿಲ್ಲ. ಮತ್ತೆ ಕಣ್ಣು ಮುಚ್ಚಿಕೊಂಡು, ಬಿಡುವಾಗಿದ್ದ ಕೈಯನ್ನು ಎತ್ತಿ, ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸಿದರು.