ಎಡಗಡೆಯ ಸ್ಪ್ರಿಂಗ್

ನಾನು ಒಂದು ಸ್ಪ್ರಿಂಗ್. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ, ಕಾದು ಕೆಂಪಾಗಿದ್ದ ಉಕ್ಕಿನ ಸರಳನ್ನು ದುಂಡನೆಯ ಕಂಬಿಗೆ ಸುತ್ತಿ, ಬಿಸಿ ಆರುವ ಮೊದಲೇ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿದರು. ಚುಂಯ್ ಎಂದು ಹೊಗೆ ಎದ್ದಿತು. ಹೊರಗೆ ಬಂದಾಗ ನಾನು ಸರಳಾಗಿ ಉಳಿದಿರಲಿಲ್ಲ. ಯಾರಾದರೂ ಒತ್ತಬೇಕು, ಒತ್ತಿದೊಡನೆ ಎದ್ದು ನಿಲ್ಲಬೇಕು ಎಂಬ ಚಡಪಡಿಕೆ ಮೈತುಂಬ ಸೇರಿಕೊಂಡಿತ್ತು.

ನನ್ನನ್ನು ಒಂದು ಕೆಂಪು ಸ್ಪೋರ್ಟ್ಸ್ ಕಾರಿನ ಮುಂದಿನ ಎಡಗಾಲಿಯ ಮೇಲೆ ಕೂರಿಸಿದರು. ಎರಡೇ ಸೀಟಿನ ಗಿಡ್ಡ ಕಾರು. ನನ್ನ ಸುರುಳಿಗಳ ನಡುವೆ ಒಂದು ಶಾಕ್ ಅಬ್ಸಾರ್ಬರ್ ನಿಂತಿತು. ಕುಣಿಯುವುದು ನನ್ನ ಸ್ವಭಾವ. ಸಾಕು, ನಿಲ್ಲು ಎಂದು ಹಿಡಿದು ತಡೆಯುವುದು ಅದರ ಕೆಲಸ. ಗುಂಡಿಗೆ ಇಳಿದಾಗ ನಾನು ಕುಗ್ಗಿ ಮೇಲೆ ಚಿಮ್ಮುತ್ತಿದ್ದೆ. ಎರಡನೆಯ ಸಲ ಚಿಮ್ಮಲು ಅದು ಬಿಡುತ್ತಿರಲಿಲ್ಲ. ಅದರೊಡನೆ ದಿನಾ ಜಗಳವಾಡುತ್ತಲೇ ಬದುಕಿದೆ.

ಹಡಗಿನಲ್ಲಿ ಮುಂಬಯಿಗೆ ಬಂದೆವು. ನಮ್ಮನ್ನು ತರಿಸಿದವನು ಬಂದರಿನ ಒಬ್ಬ ಎಂಜಿನಿಯರ್. ಅವನ ಎಡಸೀಟು ಹೆಚ್ಚಾಗಿ ಖಾಲಿಯೇ. ಕೆಲವು ಭಾನುವಾರ ಅವನ ನಾಯಿ ಅಲ್ಲಿ ಕೂರುತ್ತಿತ್ತು. ಆಮೇಲೆ ಬೆಳಗಾವಿಯ ಟಾಕೀಸಿನ ಮಾಲೀಕರೊಬ್ಬರು ಕೊಂಡರು. ಅವರು ನನ್ನ ಕಡೆಯ ಸೀಟಿನ ಮೇಲೆ ಸಿನಿಮಾ ರೀಲುಗಳ ತಗಡಿನ ಡಬ್ಬಿಗಳನ್ನು ಪೇರಿಸಿಕೊಂಡು ಊರೂರು ತಿರುಗಿದರು. ನನ್ನ ಬೆನ್ನು ಬಾಗಿದ್ದು ಆಗಲೇ. ಬಲಗಡೆಯ ಜೊತೆಗಾರನಿಗಿಂತ ನಾನು ಗಿಡ್ಡನಾದೆ. ಕಾರು ಎಡಕ್ಕೆ ಸ್ವಲ್ಪ ವಾಲಿತು. ಟಾಕೀಸು ಮುಚ್ಚಿದ ಮೇಲೆ ನಮ್ಮನ್ನು ಅದರ ಹಿಂದಿನ ಶೀಟು ಮಾಡಿನ ಕೆಳಗೆ ನಿಲ್ಲಿಸಿದರು. ಗಾಲಿಗಳ ಗಾಳಿ ಇಳಿಯಿತು. ಒಂದೇ ಭಾರ ಹೊತ್ತು ಅಲುಗಾಡದೆ ನಿಂತ ಆ ವರ್ಷಗಳಲ್ಲಿ ನಾನು ಪಟ್ಟ ಸಂಕಟ ಯಾವ ಕೆಟ್ಟ ರಸ್ತೆಯಲ್ಲೂ ಪಟ್ಟಿಲ್ಲ.

ಅಲ್ಲಿಂದ ನಮ್ಮನ್ನು ಬಿಡಿಸಿದವರು ಧಾರವಾಡದ ನಾಗಭೂಷಣ ಮುಗದ. ನೀರೆತ್ತುವ ಪಂಪುಗಳ ವ್ಯಾಪಾರಿ. ಐವತ್ತು ದಾಟಿದ್ದರೂ ಒಂದು ಕಡೆ ಕೂತು ಚಹಾ ಮುಗಿಸುವಷ್ಟು ತಾಳ್ಮೆ ಇಲ್ಲದ ಮನುಷ್ಯ. ಅವರ ಹೆಂಡತಿ ಪ್ರಫುಲ್ಲಾ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ಹಳೆಯ ಕಾರುಗಳ ರ‍್ಯಾಲಿ ಇದ್ದಾಗಲೆಲ್ಲ ಗಂಡ ಓಡಿಸುವುದು, ಹೆಂಡತಿ ಎಡಕ್ಕೆ ಕೂತು ನಕಾಶೆ ನೋಡಿ ದಾರಿ ಹೇಳುವುದು. ರೀಲಿನ ಡಬ್ಬಿ ಹೊತ್ತವನಿಗೆ ಅವರ ಭಾರ ಎಷ್ಟರದು! "ಮುಂದ ಎಡಕ್ಕ ಹೊಳ್ರಿ... ಅಲ್ಲ ಮಾರಾಯ್ರ, ಅದು ಎಮ್ಮಿ ಹೋಗೋ ದಾರಿ," ಎಂದು ಅವರು ನಕ್ಕರೆ ಆ ನಗು ಸೀಟಿನಿಂದ ಇಳಿದು ನನ್ನ ಸುರುಳಿಗಳಿಗೆ ಮುಟ್ಟುತ್ತಿತ್ತು.

ಅಷ್ಟರಲ್ಲಿ ನನ್ನ ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರತೊಡಗಿತ್ತು. ಅದರ ಹಿಡಿತ ಸಡಿಲಿದ್ದನ್ನು ಮೊದಲು ತಿಳಿದವನು ನಾನೇ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ತಡೆಯುವವರಿಲ್ಲ, ಮನಸ್ಸು ಬಂದಷ್ಟು ಕುಣಿಯಬಹುದು.

ಹಳಿಯಾಳದ ರಸ್ತೆಯಲ್ಲಿ ಅದು ಆಯಿತು. ಮೋರಿಯ ಹತ್ತಿರ ರಸ್ತೆ ದಿಢೀರನೆ ತಗ್ಗಾಗಿತ್ತು. ನಾನು ನೆಲಕಚ್ಚುವಷ್ಟು ಕುಗ್ಗಿದೆ, ಚಿಮ್ಮಿದೆ, ಮತ್ತೆ ಕುಗ್ಗಿ ಮತ್ತೆ ಚಿಮ್ಮಿದೆ. ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ಮೇಲಿನಿಂದ ಪ್ರಫುಲ್ಲಾ ಅವರ ಕೂಗು ಕೇಳಿತು. ಕಾರು ನಿಂತಿತು.

"ಏನಾತು? ಪ್ರಫುಲ್ಲಾ, ಏನಾತು?"

"ನಡಾ... ಮುಟ್ಟಬ್ಯಾಡ್ರಿ. ಸ್ವಲ್ಪ ಹಂಗ ಬಿಡ್ರಿ."

ಸೊಂಟಕ್ಕೆ ಪೆಟ್ಟಾಗಿದೆ, ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಅವರಿಗೆ ಹೇಳಿದರು. ನಾಗಭೂಷಣರು ಕಾರಿನ ಸುತ್ತ ತಿರುಗಿದರು, ಬಾನೆಟ್ಟಿನ ಮೂಲೆ ಒತ್ತಿ ನೋಡಿದರು. ಕಾರು ತೊಟ್ಟಿಲಿನಂತೆ ತೂಗಿತು. "ಇದರ ಸ್ಪ್ರಿಂಗ್ ಸತ್ತಾವ. ಇನ್ನ ಮ್ಯಾಲ ಹಿಂಗ ಆಗಬಾರದು," ಎಂದು ಅವರು ಕೊಯಮತ್ತೂರಿನಿಂದ ರೇಸಿನ ಕಾರುಗಳಿಗೆ ಹಾಕುವ ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು ತರಿಸಿದರು. ಹೆಂಡತಿಗೆ ನೋವಾಯಿತೆಂಬ ಸಂಕಟ, ಕಾರು ಇನ್ನೂ ಜೋರು ಓಡಲೆಂಬ ಆಸೆ, ಎರಡೂ ಅವರಲ್ಲಿ ಬೆರೆತು ಹೋಗಿದ್ದವು.

ನಮ್ಮನ್ನು ಬಿಚ್ಚಿದರು. ನನ್ನ ಶಾಕ್ ಅಬ್ಸಾರ್ಬರನ್ನು ಎಳೆದು ಗುಜರಿಯ ಚೀಲಕ್ಕೆ ಹಾಕಿದರು. ಒಂದು ಮಾತಾಡಲೂ ಆಗಲಿಲ್ಲ. ಬಲಗಡೆಯವನೂ ಅದೇ ಚೀಲಕ್ಕೆ ಹೋದ. ನಾನು ಮಾತ್ರ ಉರುಳಿ ಗ್ಯಾರೇಜಿನ ಗೋಡೆಯ ಬುಡಕ್ಕೆ ಸೇರಿ ಕಣ್ಣುತಪ್ಪಿ ಉಳಿದೆ. ಮೊದಲ ಸಲ ನನ್ನ ಮೇಲೆ ಭಾರವಿರಲಿಲ್ಲ. ಹಗುರವಾಗಿದ್ದೇನೆ ಎನ್ನಿಸಲಿಲ್ಲ. ಕೈಬಿಟ್ಟರು ಎನ್ನಿಸಿತು.

ಹೊಸಬರು ದಪ್ಪ, ಬಗ್ಗದ ಬಿರುಸು ಮೈ, ಹಳದಿ ಬಣ್ಣ, ಜಂಬ. ಕಾರು ನೆಲಕ್ಕೆ ಒತ್ತಿಕೊಂಡು ಚಿರತೆಯಂತೆ ನಿಂತಿತು. ಪ್ರಫುಲ್ಲಾ ಚೇತರಿಸಿಕೊಂಡು ಮೊದಲ ದಿನ ಹತ್ತಿದಾಗ ನಾಗಭೂಷಣರು ಹುಡುಗನಂತೆ ಬೀಗುತ್ತಿದ್ದರು. ಹೋದವರು ಬೇಗನೆ ಮರಳಿದರು. ಪ್ರಫುಲ್ಲಾ ಬಾಗಿಲು ಹಿಡಿದು ನಿಧಾನ ಇಳಿದರು.

"ನೋಡಿದೇನು, ಹೆಂಗ ರೋಡ್ ಹಿಡದೈತಿ!"

"ಹೂಂ. ರೋಡೂ ಹಿಡದೈತಿ, ನನ್ನ ನಡಾನೂ ಹಿಡದೈತಿ," ಎಂದು ಅವರು ಒಳಗೆ ಹೋದರು.

ಆಮೇಲೆ ಅವರು ಕಾರು ಹತ್ತಲಿಲ್ಲ. ನಾಗಭೂಷಣರು ಬೇರೊಬ್ಬ ಗೆಳೆಯನನ್ನು ಕೂರಿಸಿಕೊಂಡು ರ‍್ಯಾಲಿಗೆ ಹೋದರು, ಬೆಳ್ಳಿಯ ಬಟ್ಟಲು ಗೆದ್ದು ತಂದರು. ಅದನ್ನು ಗ್ಯಾರೇಜಿನ ಕಪಾಟಿನ ಮೇಲಿಟ್ಟು ಒರೆಸಿದರು, ಆ ಕಡೆ ಸರಿಸಿದರು, ಈ ಕಡೆ ಸರಿಸಿದರು. ಎಲ್ಲಿಟ್ಟರೂ ಸಮಾಧಾನವಾದಂತೆ ಕಾಣಲಿಲ್ಲ. ಶಾಕ್ ಅಬ್ಸಾರ್ಬರಿನ ತಿರುಪನ್ನು ಬಿಗಿ ಮಾಡುವುದು, ಸಡಿಲಿಸುವುದು, ಹೊರಗೆ ಸುತ್ತಿ ಬರುವುದು, ಮತ್ತೆ ಬಿಗಿ ಮಾಡುವುದು. ಮನೆಯೊಳಗೆ ಮಾತು ಕಡಿಮೆಯಾಗಿತ್ತು. ಗ್ಯಾರೇಜಿಗೂ ಅದು ಕೇಳಿಸುತ್ತಿತ್ತು.

ಕಾರವಾರದ ರ‍್ಯಾಲಿ ಬಂತು. ಬೆಳಿಗ್ಗೆ ನಾಗಭೂಷಣರು ಹೆಂಡತಿಯನ್ನು ಹಿಂಜರಿಯುತ್ತ ಕೇಳಿದರು: "ಈ ಸಲ ನೀನ ಬರ್ತೀಯೇನು? ದಾರಿ ನಿನಗ ಗೊತ್ತೈತಿ."

ಪ್ರಫುಲ್ಲಾ ಕೈ ಚಾಚಿದರು. "ಕೀಲಿ ಕೊಡ್ರಿ ಇಲ್ಲೆ."

"ಯಾಕ?"

"ಗಾಡಿ ನಾ ಹೊಡೀತೀನಿ. ನೀವು ಎಡಕ್ಕ ಕೂಡ್ರಿ. ಈ ನಕಾಶಿ ಓದಕೋತ ದಾರಿ ಹೇಳ್ರಿ."

"ನಿನಗ ನಡಾ ನೋಯತೈತಿ..."

"ಸ್ಟೇರಿಂಗ್ ಹಿಡದಾವ್ರಿಗೆ ತಗ್ಗು ಮೊದಲ ಕಾಣತೈತಿ, ಮೈ ಗಟ್ಟಿ ಮಾಡಕೋತಾರ. ಕಾಗದ ನೋಡಾವ್ರಿಗೆ ಗೊತ್ತಾಗೂದು ಬಿದ್ದ ಮ್ಯಾಲ. ಸ್ಪ್ರಿಂಗ್ ಬದಲಿ ಮಾಡೂ ಮುಂದ ಎಲ್ಲಾರನ್ನೂ ಕೇಳಿದ್ರಿ. ಎಡಕ್ಕ ಕೂಡಾಕಿ ನಾ ಇದ್ದೆ, ನನ್ನ ಒಂದ ಮಾತು ಕೇಳಲಿಲ್ಲ."

ನಾಗಭೂಷಣರು ಕೀಲಿ ಕೊಟ್ಟು ಎಡಕ್ಕೆ ಕೂತರು. ಕಲಘಟಗಿಯ ತನಕ ಹೋಗಿ ಬಂದರಂತೆ. ಬಂದು ನಿಂತಾಗ ಎಡಬಾಗಿಲು ತೆರೆಯಿತು, ಒಂದು ಕಾಲು ಹೊರಗೆ ಬಂತು, ಇನ್ನೊಂದು ಬರಲು ಬಹಳ ಹೊತ್ತು ಹಿಡಿಯಿತು. ನಕಾಶೆ ಹರಿದಿತ್ತು. ಅವರು ಸೊಂಟದ ಮೇಲೆ ಕೈಯಿಟ್ಟು, "ಇಷ್ಟು ದಿನ ಹೇಳಲಿಲ್ಲಲ್ಲ ನೀ," ಎಂದರು.

"ಹೇಳಿದ್ದೆ. ನೀವು ಬಟ್ಟಲಾ ಒರಸಾಕತ್ತಿದ್ರಿ."

ಕಾರವಾರಕ್ಕೆ ಅವರು ಹೋಗಲಿಲ್ಲ. ಅಂದೇ ಮಧ್ಯಾಹ್ನ ನಾಗಭೂಷಣರು ಗ್ಯಾರೇಜನ್ನೆಲ್ಲ ಹುಡುಕಿ ಗೋಡೆಯ ಬುಡದಿಂದ ನನ್ನನ್ನು ಎತ್ತಿದರು. ಧೂಳು ಒರೆಸಿ ಎರಡೂ ಕೈಯಿಂದ ಒತ್ತಿದರು. ನನ್ನ ಮೈಯೆಲ್ಲ ಜುಮ್ಮೆಂದಿತು. ಬಂತು ನನ್ನ ಕಾಲ, ಮತ್ತೆ ಆ ಎಡಗಾಲಿಯ ಮೇಲೆ, ಮತ್ತೆ ಆ ನಗುವಿನ ಕೆಳಗೆ!

ಹೆಂಡತಿಯನ್ನೂ ಕರೆದುಕೊಂಡು ಅವರು ನನ್ನನ್ನು ಒಯ್ದದ್ದು ಹುಬ್ಬಳ್ಳಿಯ ದಸ್ತಗೀರ್ ಸಾಹೇಬರ ಕುಲುಮೆಗೆ. ಲಾರಿಗಳಿಗೆ, ಮಗ್ಗಗಳಿಗೆ ಸ್ಪ್ರಿಂಗ್ ಮಾಡಿಕೊಡುವ ಅವರು ನನ್ನನ್ನು ಮೇಜಿನ ಮೇಲೆ ನಿಲ್ಲಿಸಿ ಅಳತೆಪಟ್ಟಿ ಹಿಡಿದರು. ನಾನು ಆದಷ್ಟು ನೆಟ್ಟಗೆ ನಿಂತೆ.

"ಇದು ಕುಂತು ಬಿಟ್ಟೈತ್ರೀ. ಇನ್ನ ಕೆಲಸಕ್ಕ ಬರಂಗಿಲ್ಲ. ಆದರ ತಂತಿ ದಪ್ಪ, ಸುತ್ತಿನ ಲೆಕ್ಕ ಎಲ್ಲಾ ಇದರಾಗ ಸಿಗತಾವ. ಇದನ್ನ ನೋಡಿ ಹೊಸಾವು ಮಾಡತೀನಿ."

"ಇದಕ್ಕಿಂತ ಸ್ವಲ್ಪ ಗಟ್ಟಿ ಇರಲಿ," ಎಂದರು ನಾಗಭೂಷಣರು. ಆಮೇಲೆ ತಡೆದು ಹೆಂಡತಿಯ ಕಡೆ ತಿರುಗಿದರು. "ಎಷ್ಟು ಗಟ್ಟಿ ಇರಬೇಕು, ನೀ ಹೇಳು."

ಮಾಡಿ, ಕೂರಿಸಿ, ಪ್ರಫುಲ್ಲಾ ಅವರನ್ನು ಎಡಕ್ಕೆ ಕೂರಿಸಿ ಓಡಿಸಿ, ಬಿಚ್ಚಿ ಮತ್ತೆ ಮಾಡಿದರು. ಶಾಕ್ ಅಬ್ಸಾರ್ಬರಿನ ತಿರುಪನ್ನು ಅವರು ಸಾಕೆನ್ನುವವರೆಗೆ ಸಡಿಲಿಸಿದರು. ಕಡೆಗೊಂದು ದಿನ ಪ್ರಫುಲ್ಲಾ, "ಈಗ ಬರೋಬ್ಬರಿ ಆತು," ಎಂದರು. ನಾನು ಕುಲುಮೆಯ ಮೂಲೆಯ ತುಂಡು ಕಬ್ಬಿಣದ ರಾಶಿಯ ಮೇಲೆ ಬಿದ್ದು ಎಲ್ಲವನ್ನೂ ನೋಡುತ್ತಿದ್ದೆ.

ಮುಂದಿನ ರ‍್ಯಾಲಿ ಮುಗಿಸಿ ಅವರು ಇತ್ತ ಬಂದರು. ಪ್ರಫುಲ್ಲಾ ಬಲಬಾಗಿಲಿನಿಂದ ಇಳಿದರು, ನಾಗಭೂಷಣರು ಎಡಬಾಗಿಲಿನಿಂದ.

"ಹೆಂಗೈತ್ರಿ ಬಾಯಾರ, ಗಾಡಿ?" ಎಂದು ದಸ್ತಗೀರ್ ಸಾಹೇಬರು ಪ್ರಫುಲ್ಲಾ ಅವರನ್ನು ಕೇಳಿದರು.

"ಇವರನ್ನ ಕೇಳ್ರಿ. ಎಡಕ್ಕ ಕುಂತಾವ್ರು ಇವ್ರು."

ನಾಗಭೂಷಣರು ತಲೆ ಕೆರೆದುಕೊಂಡರು. "ನಿದ್ದಿ ಹತ್ತಿ ಬಿಡ್ತು ನೋಡ್ರಿ. ಎರಡು ಸಲ ದಾರಿ ತಪ್ಪಿಸಿದೆ. ಎಲ್ಲಾರಕಿಂತ ಹಿಂದ ಬಂದ್ವಿ."

ಮೂವರೂ ನಕ್ಕರು. ಚಹಾ ಬಂತು, ನಾಗಭೂಷಣರು ಕೂತುಕೊಂಡೇ ಪೂರ್ತಿ ಕುಡಿದರು.

ಅವರು ಹೊರಟಾಗ ಕುಲುಮೆಯ ಮುಂದಿನ ಉಬ್ಬಿನ ಮೇಲೆ ಕಾರು ಒಮ್ಮೆ ತಗ್ಗಿ, ಒಮ್ಮೆ ಎದ್ದು, ತಣ್ಣಗಾಯಿತು. ಅದು ನನ್ನ ಅಳತೆ ಹಿಡಿದು ಹುಟ್ಟಿದ ಹೊಸ ಸ್ಪ್ರಿಂಗಿನ ಕೆಲಸ. ನನಗೆ ಸಂತೋಷವಾಯಿತೆಂದರೆ ಸುಳ್ಳಾದೀತು. ಅವನ ಜಾಗದಲ್ಲಿ ನಾನಿರಬೇಕಿತ್ತೆಂದು ಈಗಲೂ ಒಳಗೆ ಕುದಿಯುತ್ತದೆ. ಆದರೆ ನಾನಿದ್ದಿದ್ದರೆ ಆ ಮನುಷ್ಯನಿಗೆ ನಿದ್ದೆ ಹತ್ತುತ್ತಿರಲಿಲ್ಲ.